ಕಪ್ಪು ಉಡುಪಿನವರು ಬರುವ ಮುನ್ನ



ರಾಷ್ಟ್ರೀಯ ಭದ್ರತಾ ಪಡೆಯ ಬಗ್ಗೆ ಮಾತನಾಡಬೇಕೆಂದು ಕಾರ್ಯದರ್ಶಿಗಳು ಕೇಳಿದಾಗ, ತಾವು ಶೌರ್ಯದ ಕಥೆಗಳನ್ನು ನಿರೀಕ್ಷಿಸುವಿರೆಂದು ನನಗೆ ತಿಳಿದಿತ್ತು. ಆದರೆ ನಾನು ಹೇಳಬೇಕೆಂದಿರುವುದು ಗಡಿಯಾರದ ಮಾತು.

1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಇಸ್ರೇಲ್ ತಂಡದ 11 ಮಂದಿ ಹತರಾದರು. ಅವರನ್ನು ಬಿಡಿಸಹೋದ ಪೊಲೀಸರಿಗೆ ಅಂಥ ಕೆಲಸದ ತರಬೇತಿಯೇ ಇರಲಿಲ್ಲ. ಆ ಸೋಲಿನಿಂದ ಪಶ್ಚಿಮ ಜರ್ಮನಿಯ ಜಿ.ಎಸ್.ಜಿ.-9 ಹುಟ್ಟಿತು. 1977ರಲ್ಲಿ ಅದು ಮೊಗದಿಶುವಿನಲ್ಲಿ ಅಪಹೃತ ವಿಮಾನಕ್ಕೆ ನುಗ್ಗಿ, ಒಳಗುಳಿದಿದ್ದ 86 ಒತ್ತೆಯಾಳುಗಳನ್ನೂ ಪಾರುಮಾಡಿತು. 1984ರಲ್ಲಿ ರೂಪುಗೊಂಡ ನಮ್ಮ ಪಡೆಗೆ ಇದೂ ಒಂದು ಮಾದರಿ. ಹರಿಯಾಣದ ಮಾನೇಸರ ಅದರ ನೆಲೆ. ಮುನ್ನುಗ್ಗುವ ಕಮಾಂಡೋಗಳು ಸೈನ್ಯದಿಂದಲೂ, ಬೆಂಬಲಕ್ಕೆ ನಿಲ್ಲುವವರು ಕೇಂದ್ರದ ಪೊಲೀಸ್ ಪಡೆಗಳಿಂದಲೂ ನಿಯೋಜನೆಯ ಮೇಲೆ ಬರುತ್ತಾರೆ.

ತರಬೇತಿಯ ಕೊರತೆ ನೀಗಿದರೂ ದೂರ ಹಾಗೆಯೇ ಉಳಿಯಿತು. 1999ರ ಡಿಸೆಂಬರ್ 24ರಂದು ಅಪಹೃತ ಐಸಿ-814 ವಿಮಾನ ಅಮೃತಸರದಲ್ಲಿ ಸುಮಾರು ಮುಕ್ಕಾಲು ಗಂಟೆ ನಿಂತಿತ್ತು. ಪಡೆ ತಲುಪುವ ಮುನ್ನವೇ ಮೇಲೇರಿತು. 2008ರ ನವೆಂಬರ್ 26ರ ರಾತ್ರಿಯನ್ನು ಮುಂಬಯಿಯ ನಮಗೆ ಯಾರೂ ನೆನಪಿಸಬೇಕಾಗಿಲ್ಲ. ಗುಂಡಿನ ಸದ್ದು ಆರಂಭವಾದದ್ದು ರಾತ್ರಿ ಒಂಬತ್ತೂವರೆಯ ಸುಮಾರಿಗೆ. ಕಮಾಂಡೋಗಳನ್ನು ಒಯ್ಯಬೇಕಾದ ವಿಮಾನ ದೆಹಲಿಯಲ್ಲಿರಲಿಲ್ಲ, ಚಂಡೀಗಢದಲ್ಲಿತ್ತು! ಅವರು ಮುಂಬಯಿಯಲ್ಲಿ ಇಳಿದಾಗ ಬೆಳಗಿನ ಜಾವ. ಅಲ್ಲಿಂದ ಮುಂದೆ ಬಸ್ಸು. ಆಮೇಲೆ ಅವರು ಹೋಟೆಲುಗಳ ಕೋಣೆ ಕೋಣೆಯನ್ನೂ ಶೋಧಿಸುತ್ತ ಹೋರಾಡಿದ ರೀತಿಗೆ ತಲೆಬಾಗದವರಿಲ್ಲ. ಬೆಂಗಳೂರಿನಲ್ಲಿ ಬೆಳೆದ ಮೇಜರ್ ಸಂದೀಪ್ ಉನ್ನಿಕೃಷ್ಣನ್ ತಾಜ್‌ನಲ್ಲಿ ಪ್ರಾಣ ತೆತ್ತರು.

ಮರುವರ್ಷ ಮುಂಬಯಿ, ಚೆನ್ನೈ, ಹೈದರಾಬಾದ್, ಕೋಲ್ಕತಾಗಳಲ್ಲಿ ಪಡೆಯ ಪ್ರಾದೇಶಿಕ ಕೇಂದ್ರಗಳು ಬಂದವು. ಒಳ್ಳೆಯದೇ. ಇಂಥ ಪಡೆಯ ಯೋಧರನ್ನು ದಶಕಗಳ ಕಾಲ ಗಣ್ಯರ ಬೆಂಗಾವಲಿಗೂ ಬಳಸಿದೆವು; ಅದನ್ನು ನಿಲ್ಲಿಸುವ ತೀರ್ಮಾನ ಬಂದದ್ದು 2024ರಲ್ಲಿ. (ಕಡತಗಳ ನಡುವೆಯೇ ನರೆತ ನನಗೆ ಈ ವೇಗ ಅಪರಿಚಿತವೇನಲ್ಲ.)

ಆದರೆ ಪಡೆ ಎಷ್ಟೇ ಹತ್ತಿರವಿದ್ದರೂ ಮೊದಲ ಗಂಟೆ ಅದರದಲ್ಲ. ಅದು ಠಾಣೆಯ ಪೊಲೀಸನದು. ಆ ರಾತ್ರಿ ಕಮಾಂಡೋಗಳು ಮುಂಬಯಿ ಮುಟ್ಟುವ ಮೊದಲೇ ಗಿರಗಾಂವ್ ಚೌಪಾಟಿಯಲ್ಲಿ ಕಸಬ್ ಸೆರೆಸಿಕ್ಕಿದ್ದ. ಅವನ ಬಂದೂಕಿನ ನಳಿಗೆಯನ್ನು ಬರಿಗೈಯಲ್ಲಿ ಹಿಡಿದು, ಗುಂಡುಗಳನ್ನು ತನ್ನ ಮೈಗೆ ತೆಗೆದುಕೊಂಡವರು ಸಹಾಯಕ ಸಬ್ ಇನ್ಸ್‌ಪೆಕ್ಟರ್ ತುಕಾರಾಂ ಓಂಬಳೆ. ಅವರಿಗೆ ಮರಣೋತ್ತರ ಅಶೋಕ ಚಕ್ರ ಸಂದಿತು. ಅಂದು ಸರ್ಕಾರ ಅವರ ಕೈಗೆ ಕೊಟ್ಟಿದ್ದುದು ಒಂದು ಲಾಠಿ.