ಅಲ್ಪಧನದಲ್ಲಿ ಹಿಮ್ಮೇಳದ ವಾದ್ಯಸಂಗ್ರಹ

(ಸಂಘದ ವಾರ್ಷಿಕೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ಸಾಹಿತ್ಯವನ್ನು ಕುರಿತು ಏನಾದರೂ ಮಾತನಾಡಬೇಕೆಂದು ಕಾರ್ಯದರ್ಶಿಗಳು ನಮಗೆ ಅಪ್ಪಣೆ ಮಾಡಿದ್ದರು. ಆದರೆ ಮಕ್ಕಳ ಯಕ್ಷಗಾನಕ್ಕೆ ಬೇಕಾದ ಚಂಡೆ ಮದ್ದಳೆಗಳನ್ನು ಕೊಳ್ಳುವುದಕ್ಕಾಗಿ ಸಂಘವು ಈ ವರ್ಷ ಸ್ವಲ್ಪ ಹಣವನ್ನು ತೆಗೆದಿರಿಸಿದೆ ಎಂಬ ಸಂತೋಷದ ವಾರ್ತೆಯನ್ನು ಕೇಳಿದ ಮೇಲೆ, ಆ ಹಣದ ವಿಚಾರವಾಗಿಯೇ ನಾಲ್ಕು ಮಾತುಗಳನ್ನು ಅರಿಕೆ ಮಾಡಿಕೊಳ್ಳುವುದು ಮೇಲೆಂದು ನಮಗೆ ತೋರಿತು. ಈ ಕೆಲಸವನ್ನು ನಾವು ನಮ್ಮ ಶಾಲೆಯಲ್ಲಿ ಒಮ್ಮೆ ಮಾಡಿ, ಕೆಡಿಸಿ, ಮತ್ತೆ ಮಾಡಿದವರು. ಕೆಡಿಸಿದ ಕಥೆಯೇ ತಮಗೆ ಹೆಚ್ಚು ಉಪಯೋಗಕ್ಕೆ ಬಂದೀತು.

ಪಾರ್ತಿಸುಬ್ಬನ ಕುಂಬಳೆ ಸೀಮೆಯಲ್ಲಿ ಹುಟ್ಟಿ ಬೆಳೆದ ಮಕ್ಕಳಿಗೆ ಯಕ್ಷಗಾನವೆಂದರೇನೆಂದು ಹೇಳಿಕೊಡಬೇಕಾಗಿಲ್ಲ. ಕೇರಳದ ಶಾಲಾ ಕಲೋತ್ಸವದಲ್ಲಿ ಅದಕ್ಕೂ ಒಂದು ಸ್ಪರ್ಧೆಯಿದೆ. ವೇಷ ಕಟ್ಟಲು ಮಕ್ಕಳೂ ಇದ್ದಾರೆ. ಆದರೆ ಹಿಮ್ಮೇಳ? ಅದನ್ನು ಕೊನೆಯ ವಾರದಲ್ಲಿ ಬಾಡಿಗೆಗೆ ತರುವುದು ವಾಡಿಕೆಯಾಗಿ ಹೋಗಿದೆ. ವರ್ಷ ವರ್ಷವೂ ಬಾಡಿಗೆಯನ್ನು ತೆತ್ತೆವು. ವಾದ್ಯಗಳು ಬಂದವು, ಹೋದವು. ನಮ್ಮ ಮಕ್ಕಳ ಬೆರಳು ಒಂದು ದಿನವೂ ಮುಚ್ಚಿಗೆಯನ್ನು ಮುಟ್ಟಲಿಲ್ಲ. ಕನ್ನಡ ತರಗತಿಗಳ ಬೆಂಚುಗಳು ವರ್ಷದಿಂದ ವರ್ಷಕ್ಕೆ ತೆರವಾಗುತ್ತಿರುವುದನ್ನು ಕಾಣುತ್ತಿರುವ ನಮಗೆ, ಇರುವ ಮಕ್ಕಳಾದರೂ ಕೇಳುಗರಾಗಿ ಮಾತ್ರ ಉಳಿಯಬಾರದೆಂಬ ಹಟ ಹುಟ್ಟಿತು. ಹೆತ್ತವರಿಂದಲೂ ಹಳೆಯ ವಿದ್ಯಾರ್ಥಿಗಳಿಂದಲೂ ಅಷ್ಟಿಷ್ಟು ಕೂಡಿಸಿ ವಾದ್ಯ ಕೊಳ್ಳಲು ಹೊರಟೆವು.

ಹೊರಟಾಗ ನಮ್ಮ ತಲೆಯಲ್ಲಿದ್ದುದು ಒಂದೇ ಲೆಕ್ಕ: ಇರುವ ಹಣಕ್ಕೆ ಎಷ್ಟು ಹೆಚ್ಚು ವಾದ್ಯಗಳು ಬಂದಾವು? ಅಗ್ಗದಲ್ಲಿ ಕೊಡುವವರೊಬ್ಬರು ಸಿಕ್ಕಿದರು. ನಾವು ಚೌಕಾಶಿ ಮಾಡಿ ಇನ್ನೂ ಇಳಿಸಿದೆವು. ಎರಡು ಚಂಡೆ, ಎರಡು ಮದ್ದಳೆ, ಥಳಥಳಿಸುವ ಬಣ್ಣ ಬಳಿದುಕೊಂಡು ಶಾಲೆಗೆ ಬಂದವು. ಅಧ್ಯಾಪಕರ ಕೋಣೆಯಲ್ಲಿ ಸಾಲಾಗಿ ಇರಿಸಿ ಛಾಯಾಚಿತ್ರವನ್ನೂ ತೆಗೆಸಿದೆವು. ಆ ವರ್ಷದ ಆಟಿ ತಿಂಗಳ ಮಳೆ ಕಳೆದು ಬಿಸಿಲು ಬಿದ್ದಾಗ ಒಂದು ಮದ್ದಳೆಯ ಮೈ ಉದ್ದಕ್ಕೆ ಸೀಳಿತು. ಹಸಿ ಮರ; ಬಣ್ಣದ ಕೆಳಗೆ ನಾವು ನೋಡಿರಲಿಲ್ಲ. ಆದರೆ ಸೀಳಿದ ಮದ್ದಳೆಗಿಂತ ಸೀಳದೆ ಉಳಿದ ಮದ್ದಳೆಯೇ ಹೆಚ್ಚು ಕೇಡು ಮಾಡಿತೆಂದರೆ ತಾವು ಆಶ್ಚರ್ಯಪಡಬಹುದು.

ಅದು ಹೇಗೆಂಬುದನ್ನು ಸ್ವಲ್ಪ ವಿವರಿಸಬೇಕು. ಮದ್ದಳೆಯು ಶ್ರುತಿವಾದ್ಯ. ಬಲಮುಚ್ಚಿಗೆಯ ನಡುವೆ ಅನ್ನ ಮತ್ತು ಕಿಟ್ಟದ ಹುಡಿಯನ್ನು ಅರೆದು, ತೆಳುವಾದ ಪದರ ಪದರವಾಗಿ ಹಚ್ಚಿ, ಒಂದೊಂದು ಪದರವನ್ನೂ ನಯವಾದ ಕಲ್ಲಿನಿಂದ ಉಜ್ಜಿ ಕೂರಿಸಿದ ಕರ್ಣೆಯಿರುವುದರಿಂದಲೇ ಅದು ಬರಿಯ ಸದ್ದು ಮಾಡದೆ ಸ್ವರ ನುಡಿಯುತ್ತದೆ. ಆ ಸ್ವರವು ಭಾಗವತನ ಷಡ್ಜಕ್ಕೆ ಕೂಡಬೇಕು. ಬಾರನ್ನು ಬಿಗಿದು, ಅಂಚನ್ನು ತಟ್ಟಿ ಒಂದು ಸ್ವರಸ್ಥಾನದಷ್ಟು, ಹೆಚ್ಚೆಂದರೆ ಎರಡರಷ್ಟು ಏರಿಸಬಹುದು, ಇಳಿಸಬಹುದು. ಅದಕ್ಕೂ ಮಿಕ್ಕರೆ ಚರ್ಮ ಹರಿದೀತು, ಇಲ್ಲವೇ ನಾದ ಸತ್ತೀತು. ಒಡಲಿನ ಅಳತೆ ಮತ್ತು ಬಾಯಿಯ ಅಗಲ ಒಂದು ಮದ್ದಳೆಯ ಹಣೆಬರಹವನ್ನು ಮೊದಲೇ ಬರೆದಿರುತ್ತವೆ. ಈಗ ಶಾಲೆಯ ಸ್ಥಿತಿಯನ್ನು ನೋಡಿ. ಕಂಠ ಒಡೆದ ಹತ್ತನೆಯ ತರಗತಿಯ ಹುಡುಗ ಹಾರ್ಮೋನಿಯಮ್ಮಿನ ಕಪ್ಪು ಒಂದರಲ್ಲಿ ಹಾಡುತ್ತಾನೆ. ಎಂಟನೆಯ ತರಗತಿಯ ಹುಡುಗಿಯ ಕಂಠ ಬಿಳಿ ಐದರಲ್ಲಿದೆ. ನಡುವೆ ಆರು ಸ್ವರಸ್ಥಾನಗಳ ಅಂತರ. ಒಂದೇ ಮದ್ದಳೆ ಇಬ್ಬರಿಗೂ ಒದಗಲಾರದು. ವೃತ್ತಿಪರ ಮದ್ದಳೆಗಾರರು ಬೇರೆ ಬೇರೆ ಶ್ರುತಿಯ ವಾದ್ಯಗಳನ್ನು ಇರಿಸಿಕೊಳ್ಳುವುದು ಆಡಂಬರಕ್ಕಲ್ಲ.

ಆ ವರ್ಷ ನಮ್ಮಲ್ಲಿ ಭಾಗವತಿಕೆಗೆ ನಿಂತವಳು ಅಂತಹ ಒಬ್ಬ ಹುಡುಗಿ. ಉಳಿದ ಮದ್ದಳೆಯೋ ಗಂಡಸರ ಶ್ರುತಿಯದು. ಬಿಗಿಯಬಹುದಾದಷ್ಟು ಬಿಗಿದು ಕಪ್ಪು ಎರಡಕ್ಕೆ ತಂದೆವು. ಬಳಿಕ ಆಕೆಗೆ, “ನೀನೇ ಕೊಂಚ ಇಳಿದು ಹಾಡು, ಮಗು” ಎಂದೆವು. ಆಕೆ ವಿಧೇಯಳು, ಇಳಿದು ಹಾಡಿದಳು. ಕೆಳಗಿನ ಸ್ವರಗಳು ಮೂರನೆಯ ಸಾಲಿಗೂ ಕೇಳಲಿಲ್ಲ. ಸಭೆಯು ಆಕೆಗೆ ಕಂಠವೇ ಇಲ್ಲವೆಂದು ತಿಳಿಯಿತು. ಆಕೆಯೂ ಹಾಗೆಯೇ ತಿಳಿದಳು. ಮರುವರ್ಷ ಕರೆದರೂ ಬರಲಿಲ್ಲ. ಹಾಡುವವರಿಗೆ ವಾದ್ಯವನ್ನು ಹೊಂದಿಸಬೇಕಲ್ಲದೆ ವಾದ್ಯಕ್ಕೆ ಮಗುವನ್ನು ಹೊಂದಿಸಬಾರದೆಂಬ ಇಷ್ಟು ಸಣ್ಣ ಮಾತು ವಿದ್ವಾನ್ ಪದವಿಯವರಾದ ನಮಗೆ ಹೊಳೆಯಲಿಲ್ಲ.

ಆದುದರಿಂದ ಮೊದಲು ಅಂಗಡಿಗೆ ಹೋಗಬೇಡಿ. ಮೊದಲು ಮಕ್ಕಳನ್ನು ಹಾಡಿಸಿ, ಅವರ ಶ್ರುತಿಗಳನ್ನು ಒಂದು ಚೀಟಿಯಲ್ಲಿ ಗುರುತಿಸಿಕೊಳ್ಳಿ. ತಗ್ಗಿನದೊಂದು, ಏರಿನದೊಂದು ಮದ್ದಳೆ ಮೊದಲಿಗೆ ಬೇಕು. ನಡುವಿನದು ಆಮೇಲೆ ಬರಲಿ. ಕೈಯಲ್ಲಿ ನೂರು ರೂಪಾಯಿ ಇದೆಯೆಂದು ಭಾವಿಸಿದರೆ, ಐವತ್ತನ್ನು ಮದ್ದಳೆಗೆ, ಇಪ್ಪತ್ತೈದನ್ನು ಚಂಡೆಗೆ, ಐದನ್ನು ಚಕ್ರತಾಳ ಮೊದಲಾದವಕ್ಕೆ ಇಡಿ. ಉಳಿದ ಇಪ್ಪತ್ತನ್ನು ಮುಟ್ಟಬೇಡಿ. ಅದು ಚರ್ಮದ ಹಣ. ಮುಚ್ಚಿಗೆ ಸವೆಯುತ್ತದೆ, ಕರ್ಣೆ ಏಳುತ್ತದೆ. ವಾದ್ಯ ಕೊಂಡು ಚರ್ಮಕ್ಕೆ ಹಣವಿಲ್ಲದೆ ಮೂಲೆಗಿರಿಸಿದ ಸಂಘಗಳನ್ನು ನಾವು ಕಂಡಿದ್ದೇವೆ. ಚಂಡೆಗೆ ಏಕೆ ಕಡಿಮೆಯೆಂದು ಕೇಳಬಹುದು. ಚಂಡೆ ಕುಣಿತಕ್ಕೂ ಯುದ್ಧಕ್ಕೂ ಮೇಲೇರಿ ಬರುವುದು. ಪದ್ಯದ ಬೆನ್ನಿಗೆ ಸದಾ ಇರುವುದು ಮದ್ದಳೆ.

ಇನ್ನು ಚಂಡೆಯಲ್ಲಿ ಉಳಿತಾಯಕ್ಕೆ ದಾರಿಯೂ ಇದೆ. ತೆಂಕುತಿಟ್ಟಿನ ಚಂಡೆಯೂ ಮಲೆಯಾಳದ ಚೆಂಡೆಯೂ ಒಡಹುಟ್ಟಿದವು. ಎರಡಕ್ಕೂ ಹಲಸಿನ ಮರದ ಕೊಳವೆ, ದನದ ಚರ್ಮ, ಹಗ್ಗದ ಬಿಗಿತ. 1956ರಲ್ಲಿ ರಾಜ್ಯದ ಗಡಿ ಬದಲಾಯಿತು. ಹಲಸಿನ ಮರ ಬದಲಾಗಲಿಲ್ಲ. ದೇವಸ್ಥಾನಗಳ ಮೇಳದವರಲ್ಲಿ ಚರ್ಮ ಹೋಗಿ ಕೊಳವೆ ಮಾತ್ರ ಉಳಿದ ಹಳೆಯ ಚೆಂಡೆಗಳು ಕೆಲವೊಮ್ಮೆ ಸಿಗುತ್ತವೆ. ಚರ್ಮಕ್ಕೆ ಆಯುಸ್ಸು ಕಡಿಮೆ, ಕೊಳವೆಗೆ ತಲೆಮಾರುಗಳ ಆಯುಸ್ಸು. ದೀಪ ಹಿಡಿದು ಒಳಗನ್ನು ನೋಡಿ: ಹುಳ ಕೊರೆದ ತೂತುಗಳಿಲ್ಲದೆ, ಬಿರುಕಿಲ್ಲದೆ, ಬಾಯಿಯ ಅಂಚು ನೆಲಕ್ಕೆ ಸಮನಾಗಿ ಕುಳಿತರೆ ಧೈರ್ಯವಾಗಿ ಕೊಳ್ಳಬಹುದು. ನಮ್ಮ ಈಗಿನ ಎರಡು ಚಂಡೆಗಳೂ ಹೀಗೆ ಬಂದವು. ಕೊಟ್ಟ ಹಿರಿಯರಿಗೆ ಕನ್ನಡ ಬಾರದು, ನಮ್ಮ ಮಲೆಯಾಳವೋ ಅಷ್ಟಕ್ಕಷ್ಟೆ. ಚೆಂಡೆಯ ಮೇಲೆ ಬೆರಳಾಡಿಸಿಯೇ ವ್ಯಾಪಾರ ಮುಗಿಯಿತು.

ಅವರಿಂದಲೇ ಮತ್ತೊಂದು ಉಪಕಾರವಾಯಿತು. ಚೆಂಡೆ ಕಲಿಯುವವರು ಮೊದಲಿಗೆ ಚೆಂಡೆಯನ್ನು ಮುಟ್ಟುವುದಿಲ್ಲ. ಹುಣಿಸೆಮರದ ಗಿಡ್ಡ ಕೋಲಿನಿಂದ ಕಲ್ಲಿನ ಮೇಲೆ ಬಾರಿಸುತ್ತಾ ತಿಂಗಳುಗಟ್ಟಲೆ ಕೈ ಪಳಗಿಸುತ್ತಾರೆ. ಕಲ್ಲಿಗೆ ಬಾಡಿಗೆಯಿಲ್ಲ, ಮಳೆಯ ಭಯವಿಲ್ಲ. ನಾವು ಶಾಲೆಯ ಹಿಂದಿನ ಜಗಲಿಯಲ್ಲಿ ಹನ್ನೆರಡು ಕಲ್ಲುಗಳನ್ನು ಹಾಕಿಸಿದೆವು. ಆಟಿಯ ಜಡಿಮಳೆಯಲ್ಲಿ ಹನ್ನೆರಡು ಮಕ್ಕಳು ತ್ರಿವುಡೆಯ ಏಳು ಅಕ್ಷರಗಳನ್ನು ಕಲ್ಲಿನ ಮೇಲೆ ಕುಟ್ಟುವಾಗ ಪಕ್ಕದ ತರಗತಿಯ ಗಣಿತದ ಅಧ್ಯಾಪಕರು ನಮ್ಮನ್ನು ಶಪಿಸಿದ್ದು ನಿಜ.

ಇಲ್ಲಿ ಒಂದು ವಿದೇಶದ ಸಂಗತಿಯನ್ನು ಹೇಳಬೇಕೆನಿಸುತ್ತದೆ. ಪಾಶ್ಚಾತ್ಯ ವಾದ್ಯವೃಂದದಲ್ಲಿ ಒಬ್ಬನೇ ಕುಳಿತು ಕೈಗಳಿಂದಲೂ ಕಾಲುಗಳಿಂದಲೂ ಬಾರಿಸುವ ಡ್ರಮ್ ಸೆಟ್ಟನ್ನು ತಾವು ನೋಡಿರಬಹುದು. ಬೇರೆ ಬೇರೆ ಜನ ಬಾರಿಸುತ್ತಿದ್ದ ದೊಡ್ಡ, ಚಿಕ್ಕ ಡೋಲುಗಳು ಅಲ್ಲಿ ಒಬ್ಬನ ವಶಕ್ಕೆ ಬಂದವು. 1909ರಲ್ಲಿ ಷಿಕಾಗೋದ ಲುಡ್ವಿಗ್ ಸೋದರರು ತಯಾರಿಸಿ ಮಾರತೊಡಗಿದ ಕಾಲ್ತುಳಿ ಇದನ್ನು ಸುಲಭಗೊಳಿಸಿತು. ಸಂಬಳ ಕೊಡಬೇಕಾದ ಕಡೆ ಆಳುಗಳನ್ನು ಉಳಿಸಿದರೆ ಲಾಭ. ನಮ್ಮಲ್ಲಿ ಲೆಕ್ಕ ತಿರುಗುಮುರುಗು: ವಾದ್ಯ ದುಬಾರಿ, ಕೈಗಳು ಬೇಕಾದಷ್ಟು. ಆದುದರಿಂದ ಒಂದು ಮದ್ದಳೆಗೆ ನಾಲ್ವರು ಮಕ್ಕಳು ಸರದಿಯಲ್ಲಿ ಕುಳಿತರೂ ಚಿಂತೆಯಿಲ್ಲ.

ಮರದ ಮಾತಿಗೆ ಮರಳೋಣ. ನಮ್ಮ ಏರುಶ್ರುತಿಯ ಮದ್ದಳೆ ಒಬ್ಬ ವಿದ್ಯಾರ್ಥಿಯ ಹಿತ್ತಿಲಿನಲ್ಲಿ ಗಾಳಿಗೆ ಬಿದ್ದ ಹಲಸಿನ ಮರದ್ದು. ಆ ಮನೆಯವರು ಕಾಂಡವನ್ನು ಬಿಟ್ಟಿಯಾಗಿಯೇ ಕೊಟ್ಟರು. ಕೊರೆಯುವವನು ಒಳಗಿನ ಹಳದಿ ತಿರುಳನ್ನು ಮಾತ್ರ ಆರಿಸಿ, ಒರಟಾಗಿ ತೋಡಿ, ನೆರಳಿನಲ್ಲಿ ಒಣಗಿಸಲು ಹೇಳಿದ. ಮಕ್ಕಳು ದಿನವೂ ಬಂದು “ಒಣಗಿತೇ?” ಎಂದು ಕೇಳುತ್ತಿದ್ದರು. ಒಂದು ಮಳೆಗಾಲ ಪೂರ್ತಿ ಕಾಯಬೇಕಾಯಿತು. ಹಣವಿಲ್ಲದವನು ಕಾಲವನ್ನು ತೆರಬೇಕು. ಬೇರೆ ಉಪಾಯ ನಮಗೆ ತಿಳಿಯದು.

ಆದರೆ ಒಂದು ಕಡೆ ಮಾತ್ರ ಕೈ ಬಿಗಿ ಹಿಡಿಯಬೇಡಿ. ಮುಚ್ಚಿಗೆ ಕಟ್ಟುವವರು ನಮ್ಮ ಸೀಮೆಯಲ್ಲಿ ಬೆರಳೆಣಿಕೆಗೆ ಇಳಿದಿದ್ದಾರೆ. ಮೊದಲ ವರ್ಷ ನಾವು ಅಂತಹ ಒಬ್ಬರೊಡನೆಯೂ ಚೌಕಾಶಿ ಮಾಡಿದ್ದೆವು. ತಮ್ಮ ಮಗ ಈ ಕೆಲಸವನ್ನು ಕಲಿಯಲಿಲ್ಲವೆಂದು ಅವರು ಅಂದು ಹೇಳಿದ್ದನ್ನು ನಾವು ಬೆಲೆ ಏರಿಸುವ ಮಾತೆಂದು ಬಗೆದೆವು. ಎರಡನೆಯ ಸಲ ಅವರು ಹೇಳಿದ್ದನ್ನು ಹಾಗೆಯೇ ಕೊಟ್ಟೆವು. ಕರ್ಣೆ ಹಚ್ಚುವ ದಿನ ಅವರನ್ನು ಶಾಲೆಗೇ ಕರೆದು ಕುರ್ಚಿಯಲ್ಲಿ ಕೂರಿಸಿದೆವು. ಅವರು ಕುರ್ಚಿಯನ್ನು ಸರಿಸಿ ನೆಲದಲ್ಲಿ ಕುಳಿತರು, ಕೆಲಸ ನೆಲದಲ್ಲೇ ಆಗಬೇಕಷ್ಟೆ. ಮಕ್ಕಳು ಸುತ್ತ ಕುಳಿತು ಬೆಳಗಿನಿಂದ ಸಂಜೆಯವರೆಗೆ ನೋಡಿದರು. ಇಬ್ಬರು ಹುಡುಗರು ಕಲ್ಲು ಹಿಡಿದು ಉಜ್ಜುವುದನ್ನು ಕಲಿತರು.

ಕಡೆಯದಾಗಿ ರಕ್ಷಣೆಯ ವಿಷಯ. ವರ್ಷಕ್ಕೆ 3000 ಮಿಲಿಮೀಟರಿಗೂ ಮಿಕ್ಕು ಮಳೆ ಸುರಿಯುವ ನಾಡು ನಮ್ಮದು. ಚರ್ಮ ತೇವಗೊಂಡು ಸಡಿಲುತ್ತದೆ. ಕಬ್ಬಿಣದ ಕಪಾಟಿನಲ್ಲಿ ಬೀಗ ಹಾಕಿಟ್ಟರೆ ಬೂಷ್ಟು ಹಿಡಿಯುತ್ತದೆ. ಅಡಿಗೆಯ ಒಲೆಯ ಮೇಲಣ ಅಟ್ಟ ಯಾರ ಮನೆಯಲ್ಲಿದೆಯೋ ಅವರ ಮನೆಗೆ ಮಳೆಗಾಲದಲ್ಲಿ ವಾದ್ಯಗಳನ್ನು ಕಳುಹಿಸಿ. ನಡುನಡುವೆ ಇಳಿಸಿ ಬಾರಿಸಲಿ. ಒದ್ದೆ ಕೈಯಿಂದ ಕರ್ಣೆಯನ್ನು ಮುಟ್ಟಬಾರದೆಂಬ ಒಂದೇ ನಿಯಮವನ್ನು ನಾವು ಮಕ್ಕಳಿಗೆ ಹಾಕಿದ್ದೇವೆ.

ಈಗ ನಮ್ಮಲ್ಲಿ ಎರಡು ಚಂಡೆ, ಮೂರು ಮದ್ದಳೆ, ಎರಡು ಜೊತೆ ತಾಳಗಳಿವೆ. ಆ ಗಂಡಸರ ಶ್ರುತಿಯ ಹಳೆಯ ಮದ್ದಳೆಯನ್ನು ನಾವು ಎಸೆದಿಲ್ಲ. ಕಂಠ ಒಡೆದ ಹುಡುಗನೊಬ್ಬನಿಗೆ ಅದು ಈ ವರ್ಷ ಸರಿಯಾಗಿ ಕೂಡುತ್ತಿದೆ. ಅದೇ ಹಲಸಿನ ಕಾಂಡದ ಉಳಿದ ತುಂಡು ಅಟ್ಟದಲ್ಲಿ ಒಣಗುತ್ತಿದೆ. ಸಂಘಕ್ಕೆ ಬೇಕೆಂದಾದರೆ ಕೊಡಲು ಆ ಮನೆಯವರು ಒಪ್ಪಿದ್ದಾರೆ; ಅಳತೆಯನ್ನು ಮಾತ್ರ ತಮ್ಮ ಮಕ್ಕಳನ್ನು ಹಾಡಿಸಿದ ಮೇಲೆ ತಿಳಿಸಿರಿ.