ಗಾಡಿ ಎಳೆಯದಿದ್ದರೆ ಮೊದಲು ಎಣ್ಣೆಯ ದಾರಿ ನೋಡಿ

(ಸಂಘದ ಭಾನುವಾರದ ಸಭೆಯಲ್ಲಿ ಮಾಡಿದ ಭಾಷಣ)

ನಮ್ಮ ಸಂಘದಲ್ಲಿ ಹೋಟೆಲು ಕೆಲಸದವರೇ ಹೆಚ್ಚು. ಆದರೆ ಟ್ಯಾಕ್ಸಿ ಓಡಿಸುವವರೂ ಹೋಟೆಲಿನ ಸಾಮಾನು ಸಾಗಿಸುವ ವ್ಯಾನಿನವರೂ ನಮ್ಮ ನಡುವೆ ಇದ್ದಾರೆ. ಬಾಡಿಗೆಗೆ ಗಾಡಿ ಹಿಡಿದವನ ಕಷ್ಟ ನಿಮಗೆ ಗೊತ್ತು. ಗಾಡಿ ಓಡಲಿ, ನಿಲ್ಲಲಿ, ಮಾಲಿಕನ ದಿನದ ಲೆಕ್ಕ ನಿಲ್ಲುವುದಿಲ್ಲ. ಎರಡು ದಿನ ಗ್ಯಾರೇಜಿನಲ್ಲಿ ನಿಂತರೆ ಎರಡು ದಿನದ ಅನ್ನವೇ ಹೋಯಿತು. ಆದ್ದರಿಂದ ಇಂದು ಒಂದೇ ವಿಷಯ ಎತ್ತಿಕೊಂಡಿದ್ದೇನೆ: ಎಂಜಿನು ಚಾಲೂ ಆಗುತ್ತದೆ, ಆದರೆ ಗಾಡಿ ಎಳೆಯುವುದಿಲ್ಲ. ಆಗ ಏನು ನೋಡಬೇಕು? ಎಣ್ಣೆ ಎಂದು ನಾನು ಹೇಳುವುದು ಪೆಟ್ರೋಲು, ಡೀಸೆಲನ್ನು, ಎಂಜಿನಿನ ಆಯಿಲನ್ನಲ್ಲ.

ನಾನು ಮೇಸ್ತ್ರಿಯಲ್ಲ, ಒಲೆಯ ಮುಂದೆ ನಿಂತು ಬೆಳೆದವನು. ಆದರೆ ಸೀಮೆಎಣ್ಣೆಯ ಪಂಪು ಸ್ಟೋವು ಹಚ್ಚಿದವನಿಗೆ ಈ ವಿಷಯದ ಅರ್ಧ ಆಗಲೇ ತಿಳಿದಿದೆ. ಟ್ಯಾಂಕಿನಲ್ಲಿ ಎಣ್ಣೆ ಇರಬೇಕು, ಅದು ಮೇಲೇರಲು ಒತ್ತಡ ಬೇಕು, ನಿಪ್ಪಲಿನ ತೂತು ಚೊಕ್ಕಟವಾಗಿರಬೇಕು, ಗಾಳಿ ಅಳತೆಯಾಗಿ ಬೆರೆಯಬೇಕು. ಇವುಗಳಲ್ಲಿ ಒಂದು ತಪ್ಪಿದರೂ ಉರಿ ಸಣ್ಣಗಾಗುತ್ತದೆ, ಇಲ್ಲವೇ ಹಳದಿಯಾಗಿ ಮಸಿ ಹಿಡಿಯುತ್ತದೆ. ಎಂಜಿನಿನ ಸಂಗತಿಯೂ ಇದೇ.

ಈ ಊರಿನ ಹಳದಿ ಆಂಬಾಸಿಡರು ಟ್ಯಾಕ್ಸಿಯನ್ನೇ ತೆಗೆದುಕೊಳ್ಳಿ. ಹೂಗ್ಲಿ ನದಿಯ ಆಚೆ ಉತ್ತರಪಾಡಾದ ಹಿಂದೂಸ್ಥಾನ್ ಮೋಟರ್ಸ್ ಕಾರ್ಖಾನೆಯಲ್ಲಿ ಆದ ಗಾಡಿ ಅದು. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಅದರ ಮೂಲ. 2014ರ ಮೇ ತಿಂಗಳಲ್ಲಿ ಅದರ ತಯಾರಿಕೆ ನಿಂತಿತು. 15 ವರ್ಷ ಮೀರಿದ ಬಾಡಿಗೆ ಗಾಡಿಗಳನ್ನು ರಸ್ತೆಯಿಂದ ತೆಗೆಯಬೇಕೆಂದು 2008ರಲ್ಲಿ ಹೈಕೋರ್ಟಿನ ಆಜ್ಞೆಯಾದ ಮೇಲೆ ಅವು ವರ್ಷವರ್ಷಕ್ಕೂ ಕಡಿಮೆಯಾಗುತ್ತಿವೆ. ಉಳಿದಿರುವ ಗಾಡಿಗಳೆಲ್ಲ ವಯಸ್ಸಾದವು. ವಯಸ್ಸಾದ ಗಾಡಿಯ ಟ್ಯಾಂಕಿನಲ್ಲಿ ತುಕ್ಕು, ರಬ್ಬರು ಪೈಪಿನಲ್ಲಿ ಬಿರುಕು ಇರುವುದೇ.

ಮೊದಲು ದೋಷ ಬೇರೆ ಕಡೆ ಇಲ್ಲವೆಂದು ಖಚಿತ ಮಾಡಿಕೊಳ್ಳಿ. ಎಂಜಿನು ಕೂಗುತ್ತದೆ, ಗಾಡಿ ಮಾತ್ರ ಮುಂದೆ ಹೋಗುವುದಿಲ್ಲವಾದರೆ ಕ್ಲಚ್ಚು ಜಾರುತ್ತಿದೆ. ಒಂದು ಗಾಲಿಯ ಬಳಿ ಮಾತ್ರ ಸುಡುವ ಬಿಸಿ ಇದ್ದರೆ ಬ್ರೇಕು ಹಿಡಿದುಕೊಂಡಿದೆ. ಪೆಟ್ರೋಲು ಗಾಡಿಯಾದರೆ ಪ್ಲಗ್ಗುಗಳ ಕಿಡಿಯನ್ನೂ ನೋಡಬೇಕು.

ಇವೆಲ್ಲ ಸರಿಯಿದ್ದರೆ ಎಣ್ಣೆಯ ಕಡೆ ಬನ್ನಿ. ಇಲ್ಲಿ ರೋಗ ಎರಡು ಬಗೆಯದು. ನಿಂತಲ್ಲಿ ಎಂಜಿನು ನಯವಾಗಿ ಓಡಿ, ವಿದ್ಯಾಸಾಗರ ಸೇತುವೆಯ ಏರು ಹತ್ತುವಾಗ ಜಗ್ಗಿ ಜಗ್ಗಿ ಉಸಿರುಗಟ್ಟಿದರೆ, ಕಾಲು ಸಡಿಲಿಸಿದಾಗ ಮತ್ತೆ ಚೇತರಿಸಿಕೊಂಡರೆ, ಅದು ಎಣ್ಣೆಯ ಹಸಿವು. ಕಾರ್ಬುರೇಟರಿನ ಗಾಡಿಯಲ್ಲಿ ಚೋಕನ್ನು ಸ್ವಲ್ಪ ಎಳೆದಾಗ ಸುಧಾರಿಸಿದರೆ ಇದಕ್ಕೆ ಇನ್ನೊಂದು ಸಾಕ್ಷಿ. ಕಪ್ಪು ಹೊಗೆ, ಪೆಟ್ರೋಲಿನ ವಾಸನೆ, ಪ್ಲಗ್ಗಿಗೆ ಮಸಿ ಇದ್ದರೆ ಅದು ಎಣ್ಣೆಯ ಅಜೀರ್ಣ. ಚೋಕು ಸಿಕ್ಕಿಕೊಂಡಿರಬಹುದು, ಫ್ಲೋಟಿನ ಸೂಜಿ ಸರಿಯಾಗಿ ಮುಚ್ಚದಿರಬಹುದು, ಗಾಳಿಯ ಫಿಲ್ಟರು ಧೂಳಿನಿಂದ ಕಟ್ಟಿರಬಹುದು.

ಹಸಿವಾದರೆ ಹಿಂದಿನಿಂದ ಮುಂದಕ್ಕೆ ನೋಡುತ್ತ ಬನ್ನಿ. ಟ್ಯಾಂಕಿನ ಮುಚ್ಚಳವೇ ಮೊದಲು. ಎಣ್ಣೆ ಹೊರಗೆ ಹೋದಷ್ಟೂ ಗಾಳಿ ಒಳಗೆ ಬರಬೇಕು. ಅದರ ದಾರಿ ಮುಚ್ಚಿದ್ದರೆ ಪಂಪು ಎಷ್ಟು ಎಳೆದರೂ ಎಣ್ಣೆ ಬಾರದು. ಮುಚ್ಚಳ ಸಡಿಲಿಸಿದಾಗ ಬುಸ್ಸೆಂದು ಗಾಳಿ ಒಳಗೆ ನುಗ್ಗಿದರೆ, ಆಮೇಲೆ ಗಾಡಿ ಎಳೆದರೆ, ಕಳ್ಳ ಸಿಕ್ಕಿದ ಹಾಗೆ. ನಮ್ಮ ಸದಸ್ಯರೊಬ್ಬರ ಗಾಡಿಗೆ ಒಂದು ಗ್ಯಾರೇಜಿನವರು ಎಂಜಿನನ್ನೇ ಬಿಚ್ಚಬೇಕೆಂದು ದೊಡ್ಡ ಅಂದಾಜು ಬರೆದುಕೊಟ್ಟಿದ್ದರು. ಕೊನೆಗೆ ನೋಡಿದರೆ ಯಾರೋ ಹಾಕಿದ್ದ ತೂತಿಲ್ಲದ ಮುಚ್ಚಳ!

ಎರಡನೆಯದು ಫಿಲ್ಟರು. ತುಕ್ಕು, ಕೆಸರು ಕಂಡರೆ ಬದಲಿಸಿ. ಮಳೆಗಾಲದಲ್ಲಿ ಈ ಊರಿನ ರಸ್ತೆಗಳಲ್ಲಿ ನೀರು ನಿಲ್ಲುವುದು ಗೊತ್ತೇ ಇದೆ. ಗಾಜಿನ ಬಾಟಲಿಗೆ ಎಣ್ಣೆ ಹಿಡಿದಿಟ್ಟು ನೋಡಿದರೆ ಅಡಿಯಲ್ಲಿ ನೀರು ಬೇರೆಯಾಗಿ ಕಾಣುತ್ತದೆ. ಮೂರನೆಯದು ಪಂಪು. ಎಂಜಿನು ಆರಿದ ಮೇಲೆ, ಕಾಯಿಲಿನ ತಂತಿ ಬಿಚ್ಚಿಟ್ಟು, ಪಂಪಿನಿಂದ ಕಾರ್ಬುರೇಟರಿಗೆ ಹೋಗುವ ಪೈಪನ್ನು ಬಾಟಲಿಗೆ ಬಿಟ್ಟು ಸೆಲ್ಫು ಹೊಡೆಯಿರಿ. ಎಣ್ಣೆ ಚಿಮ್ಮಿ ಚಿಮ್ಮಿ ಬರಬೇಕು. ತೊಟ್ಟಿಕ್ಕಿದರೆ ಪಂಪಿನ ಹಿಂದಿನ ಪೈಪಿನಲ್ಲಿ ಗಾಳಿ ಸೇರುತ್ತಿದೆ, ಇಲ್ಲವೇ ಪಂಪಿನ ಡಯಾಫ್ರಾಮು ಹರಿದಿದೆ. ಆಯಿಲಿನ ಕಡ್ಡಿ ಎಳೆದು ಮೂಸಿ. ಪೆಟ್ರೋಲಿನ ವಾಸನೆ ಬಂದರೆ ಹರಿದ ಡಯಾಫ್ರಾಮಿನ ಅನುಮಾನ ಬಲವಾಯಿತು. ಆಯಿಲು ಬದಲಿಸದೆ ಗಾಡಿ ಓಡಿಸಬೇಡಿ. ಈ ಕೆಲಸ ಮಾಡುವಾಗ ಹತ್ತಿರದಲ್ಲಿ ಬೀಡಿ ಕೂಡದು, ಒಲೆ ಕೂಡದು. ಒಂದು ಬಕೀಟು ಮರಳು ಪಕ್ಕದಲ್ಲಿರಲಿ.

ಕೊನೆಗೆ ಕಾರ್ಬುರೇಟರಿನ ಜೆಟ್ಟು. ಸ್ಟೋವಿನ ನಿಪ್ಪಲಿಗೆ ನಾವು ಪಿನ್ನು ಚುಚ್ಚುತ್ತಿದ್ದೆವು. ಜೆಟ್ಟಿಗೆ ಮಾತ್ರ ತಂತಿ ಚುಚ್ಚಬಾರದು. ಅದರ ತೂತು ಅಳತೆಯಿಟ್ಟು ಕೊರೆದದ್ದು. ಕೂದಲೆಳೆ ದೊಡ್ಡದಾದರೂ ಗಾಡಿ ಎಣ್ಣೆ ಕುಡಿಯತೊಡಗುತ್ತದೆ. ಗಾಳಿ ಊದಿ ಚೊಕ್ಕಟ ಮಾಡಿದರೆ ಸಾಕು.

ಡೀಸೆಲು ಗಾಡಿಯಲ್ಲಿ ಮುಚ್ಚಳ, ಫಿಲ್ಟರು, ನೀರು ಇವುಗಳ ಜೊತೆಗೆ ಗಾಳಿಯೂ ವೈರಿ. ಪೈಪಿನಲ್ಲಿ ಗುಳ್ಳೆ ಸೇರಿದರೆ ಎಳೆತ ಹೋಗುತ್ತದೆ. ಜೋಡಣೆ ಬಿಗಿ ಮಾಡಿ, ಕೈಪಂಪು ಒತ್ತಿ ಗಾಳಿ ತೆಗೆಯಬೇಕು. ಆದರೆ ಇಂಜೆಕ್ಟರಿನ ಕೊಳವೆಗೆ ಎಂಜಿನು ಓಡುವಾಗ ಕೈ ಹಾಕಬೇಡಿ. ಅಲ್ಲಿಂದ ಚಿಮ್ಮುವ ಡೀಸೆಲು ಚರ್ಮವನ್ನೇ ತೂರಿ ಒಳಗೆ ಹೋಗುತ್ತದೆ. ಹಾಗಾದರೆ ನೋವಿಲ್ಲದಿದ್ದರೂ ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಈಗಿನ ಪೆಟ್ರೋಲು ಗಾಡಿಗಳಲ್ಲಿ ಕಾರ್ಬುರೇಟರಿಲ್ಲ. ಪಂಪು ಟ್ಯಾಂಕಿನೊಳಗೇ ಇದ್ದು ವಿದ್ಯುತ್ತಿನಿಂದ ನಡೆಯುತ್ತದೆ. ಅಲ್ಲಿ ಬಾಟಲಿಯ ಪರೀಕ್ಷೆ ಸಲ್ಲದು. ಒತ್ತಡದ ಗೇಜು ಹಾಕಿ ಅಳೆಯಬೇಕು. ಎಣ್ಣೆ ಕಾಲು ಟ್ಯಾಂಕಿಗಿಂತ ಕೆಳಗಿಳಿಯದಂತೆ ನೋಡಿಕೊಂಡರೆ ಪಂಪಿಗೆ ಒಳ್ಳೆಯದು, ಏಕೆಂದರೆ ಅದನ್ನು ತಂಪಾಗಿಡುವುದು ಆ ಎಣ್ಣೆಯೇ. ಈಗ ಪೆಟ್ರೋಲಿಗೆ ಶೇಕಡಾ 20ರವರೆಗೆ ಎಥನಾಲು ಬೆರೆಸುತ್ತಾರೆ. ಎಥನಾಲು ನೀರನ್ನು ಹೀರಿಕೊಳ್ಳುತ್ತದೆ, ಅದಕ್ಕಾಗಿ ಮಾಡದ ಹಳೆಯ ರಬ್ಬರನ್ನು ಕೆಡಿಸಬಲ್ಲದು. ಹಳೆಯ ಗಾಡಿಯ ಪೈಪುಗಳನ್ನು ಆಗಾಗ ಮುಟ್ಟಿ ನೋಡಿ.

ಬಂಧುಗಳೇ, ಇದನ್ನೆಲ್ಲ ಹೇಳಿದ್ದು ಮೇಸ್ತ್ರಿಗಳ ಹೊಟ್ಟೆಯ ಮೇಲೆ ಹೊಡೆಯಲಿಕ್ಕಲ್ಲ. ಅವರೂ ನಮ್ಮ ಹಾಗೆ ದುಡಿದು ಉಣ್ಣುವವರೇ. ಆದರೆ ತಿಳಿಯದವನ ಜೇಬಿಗೆ ಎಲ್ಲರ ಕೈಯೂ ಹೋಗುತ್ತದೆ. ಆದ್ದರಿಂದ ಮೂರು ಮಾತು ನೆನಪಿಡಿ. ಪರೀಕ್ಷೆ ಮಾಡಿ ತೋರಿಸದೆ ಯಾವ ಭಾಗವನ್ನೂ ಬದಲಿಸಲು ಒಪ್ಪಬೇಡಿ. ತೆಗೆದ ಹಳೆಯ ಭಾಗವನ್ನು ಕೇಳಿ ಪಡೆಯಿರಿ. ಬಿಲ್ಲನ್ನು ಬರೆಸಿಕೊಳ್ಳಿ. ಒತ್ತಡದ ಗೇಜೊಂದನ್ನು ಸಂಘದ ವತಿಯಿಂದ ಕೊಂಡು ಕಚೇರಿಯಲ್ಲಿ ಇಡಬೇಕೆಂದು ನಾನು ಈ ಸಭೆಗೆ ಸೂಚಿಸುತ್ತೇನೆ. ಒಬ್ಬೊಬ್ಬನಿಗೆ ಅದು ಭಾರ, ಹತ್ತು ಜನ ಸೇರಿದರೆ ಒಂದು ಹೊತ್ತಿನ ಚಹದ ಖರ್ಚು. ತಾವು ಇದನ್ನು ಅನುಮೋದಿಸಬೇಕೆಂದು ಕೋರಿ ನನ್ನ ಮಾತು ಮುಗಿಸುತ್ತೇನೆ.