ಥ್ಯಾಡಿಯಸ್ ಸ್ಟೀವನ್ಸ್: ಒಂದು ಹೆಸರು, ಎರಡು ಉಯಿಲು

ನಮ್ಮಲ್ಲಿ ಮಗುವಿಗೆ ಅಜ್ಜನ ಹೆಸರೋ ಮನೆದೇವರ ಹೆಸರೋ ಇಡುವುದು ರೂಢಿ. 1792ರ ಏಪ್ರಿಲ್‌ನಲ್ಲಿ ಅಮೆರಿಕದ ವರ್ಮಾಂಟಿನಲ್ಲಿ ಹುಟ್ಟಿದ, ಒಂದು ಪಾದ ಸೊಟ್ಟಗಿದ್ದ ಮಗುವಿಗೆ ಸಿಕ್ಕಿದ್ದು ಪೋಲೆಂಡಿನ ಸೇನಾನಿಯ ಹೆಸರು. ತಡೆಯೂಷ್ ಕೊಶ್ಚುಷ್ಕೊ ಅಮೆರಿಕದ ಸ್ವಾತಂತ್ರ್ಯ ಸಮರಕ್ಕೆಂದು ಕಡಲು ದಾಟಿ ಬಂದ ಎಂಜಿನಿಯರ್. ವೆಸ್ಟ್ ಪಾಯಿಂಟಿನ ಕೋಟೆಗಳನ್ನು ರೂಪಿಸಿದವರು. ತಡೆಯೂಷ್ ಅಲ್ಲಿನವರ ನಾಲಗೆಯಲ್ಲಿ ಥ್ಯಾಡಿಯಸ್ ಆಯಿತು.

ಹೆಸರಿಟ್ಟ ತಂದೆತಾಯಿಗೆ ಮುಂದಿನದು ಗೊತ್ತಿರಲು ಸಾಧ್ಯವೇ ಇರಲಿಲ್ಲ. 1798ರಲ್ಲಿ ಕೊಶ್ಚುಷ್ಕೊ ಉಯಿಲು ಬರೆದು ಗೆಳೆಯ ಥಾಮಸ್ ಜೆಫರ್ಸನ್ ಕೈಗಿತ್ತರು. ಅಮೆರಿಕದಲ್ಲಿರುವ ತಮ್ಮ ಹಣದಿಂದ ಗುಲಾಮರನ್ನು ಕೊಂಡು ಬಿಡುಗಡೆ ಮಾಡಬೇಕು, ವಿದ್ಯೆ ಕೊಡಿಸಬೇಕು ಎಂಬುದು ಅದರ ಸಾರ. 1817ರಲ್ಲಿ ಅವರು ತೀರಿಕೊಂಡರು. ಜೆಫರ್ಸನ್, ತಾವೇ ನೂರಾರು ಗುಲಾಮರ ಒಡೆಯರು, ವಯಸ್ಸಾಯಿತೆಂದು ಹೊಣೆ ಕಳಚಿಕೊಂಡರು. ಕೋರ್ಟು ಕಚೇರಿ ಸುತ್ತಿದ ಹಣ 1852ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪಿನಿಂದ ನೆಂಟರ ಪಾಲಾಯಿತು. ಆ ವರ್ಷ ಥ್ಯಾಡಿಯಸ್ ಸ್ಟೀವನ್ಸ್ ಪೆನ್ಸಿಲ್ವೇನಿಯದ ಪ್ರತಿನಿಧಿಯಾಗಿ ಕಾಂಗ್ರೆಸ್ಸಿನಲ್ಲಿದ್ದರು.

ಅವರನ್ನು ಹುಟ್ಟಾ ವಿಮೋಚಕ ಎಂದುಬಿಡಬೇಡಿ. 1821ರಲ್ಲಿ ಗೆಟ್ಟಿಸ್‌ಬರ್ಗಿನ ಯುವ ವಕೀಲರಾಗಿ, ಬಿಡುಗಡೆ ಬೇಡಿದ ಕಪ್ಪು ತಾಯಿಯೊಬ್ಬಳ ವಿರುದ್ಧ ಒಡೆಯನ ಪರ ವಾದಿಸಿ ಗೆದ್ದಿದ್ದರು. ಅಭಿಮಾನಿಗಳು ಈ ಪುಟವನ್ನು ಸರಸರ ಮಗುಚುತ್ತಾರೆ. ನನಗೆ ಅವರ ಮುಂದಿನ ಹಟದ ಬೇರು ಇಲ್ಲೇ ಇದ್ದೀತು ಅನ್ನಿಸುತ್ತದೆ. ಆಮೇಲೆ ಓಡಿಬಂದ ಗುಲಾಮರ ಪರ ವಾದಿಸಿದರು. 1838ರಲ್ಲಿ ಪೆನ್ಸಿಲ್ವೇನಿಯದ ಹೊಸ ಸಂವಿಧಾನ ಮತದ ಹಕ್ಕನ್ನು ಬಿಳಿಯರಿಗಷ್ಟೇ ಉಳಿಸಿದಾಗ ಅದಕ್ಕೆ ಸಹಿ ಹಾಕಲಿಲ್ಲ. ಅಂತರ್ಯುದ್ಧದ ನಡುವೆ, 1863ರಲ್ಲಿ, ದಕ್ಷಿಣದ ಸೈನ್ಯ ಅವರ ಕಬ್ಬಿಣದ ಕಾರ್ಖಾನೆಯನ್ನು ಸುಟ್ಟಿತು. ಸದನದಲ್ಲಿ ಅವರ ದನಿ ತಗ್ಗಲಿಲ್ಲ.

1865ರಲ್ಲಿ ಅಮೆರಿಕದ ಸಂವಿಧಾನದ 13ನೆಯ ತಿದ್ದುಪಡಿ ಗುಲಾಮಗಿರಿಯನ್ನೇ ರದ್ದುಮಾಡಿತು. ಅದರ ಹಿಂದಿನ ಮುಖ್ಯ ಒತ್ತಾಸೆಗಳಲ್ಲಿ ಸ್ಟೀವನ್ಸರದೂ ಒಂದು. ಕೊಶ್ಚುಷ್ಕೊ ದುಡ್ಡು ಕೊಟ್ಟು ಒಬ್ಬೊಬ್ಬರನ್ನೇ ಬಿಡಿಸಲು ಹೊರಟಿದ್ದರು. ಅದು ದೊಡ್ಡ ಮನಸ್ಸು, ನಿಜ. ಆದರೆ ಮನುಷ್ಯನನ್ನು ಆಸ್ತಿ ಎನ್ನುವ ಕಾನೂನು ಇರುವತನಕ ಅಂಥ ಮನಸ್ಸು ವಕೀಲರ ಕಡತದಲ್ಲೇ ಕೊಳೆಯುತ್ತದೆ. ಸ್ಟೀವನ್ಸ್ ಕೈಹಾಕಿದ್ದು ಆ ಕಾನೂನಿಗೇ. ಬಿಡುಗಡೆಯಾದ ಕುಟುಂಬಗಳಿಗೆ ತೋಟದೊಡೆಯರ ಜಮೀನಿನಲ್ಲಿ ತಲಾ 40 ಎಕರೆ ಹಂಚಬೇಕೆಂದೂ ಪಟ್ಟುಹಿಡಿದರು. ಅಷ್ಟು ದೂರ ಬರಲು ಅವರ ಪಕ್ಷದವರೇ ಒಪ್ಪಲಿಲ್ಲ.

1868ರ ಆಗಸ್ಟ್‌ನಲ್ಲಿ ಸ್ಟೀವನ್ಸ್ ತೀರಿಕೊಂಡರು. ಎಲ್ಲ ಬಣ್ಣದವರಿಗೂ ಜಾಗ ಕೊಡುತ್ತಿದ್ದ ಲ್ಯಾಂಕಾಸ್ಟರಿನ ಸ್ಮಶಾನವನ್ನು ತಾವೇ ಆರಿಸಿಟ್ಟಿದ್ದರು. ಅವರೂ ಉಯಿಲು ಬರೆದಿದ್ದರು: ಬಣ್ಣದ ಭೇದವಿಲ್ಲದೆ ಅನಾಥ ಮಕ್ಕಳಿಗೊಂದು ಆಸರೆ ಕಟ್ಟಬೇಕು. ಅದೂ ಬೇಗ ಕೈಗೂಡಲಿಲ್ಲ. 1905ರಲ್ಲಿ ಲ್ಯಾಂಕಾಸ್ಟರಿನಲ್ಲಿ ಅವರ ಹೆಸರಿನ ಕೈಗಾರಿಕಾ ಶಾಲೆ ಶುರುವಾಯಿತು. ಈಗ ಅದು ತಾಂತ್ರಿಕ ಕಾಲೇಜು.